ಉಬ್ಬದ ಕಾಳು

ಬೆಳಗಿನ ಮೊದಲ ಮೂರು ಲಾರಿ
ತೂಕವಿಲ್ಲದೆ ನಿಲ್ಲುತ್ತವೆ,
ಮೆಕ್ಕೆಜೋಳ ಹೇರಿಕೊಂಡು, ಹಾರನ್ ಒತ್ತುತ್ತ.
ವೇಬ್ರಿಡ್ಜಿನ ಕೊಟ್ರಮ್ಮ ಅಷ್ಟೊತ್ತಿಗೆ
ಕಂಪ್ಯೂಟರಿಗೆ ಕಂಬಳಿ ಹೊದಿಸಿ
ಒಳಗೊಂದು ನೂರು ವ್ಯಾಟಿನ ಬಲ್ಬು ಇಳಿಬಿಟ್ಟು
ಕೋಳಿಮರಿ ಸಾಕುವವಳ ಹಾಗೆ ಕೂತಿರುತ್ತಾಳೆ.
'ಬೆಚ್ಚಗಾದ್ರೆ ಏಳ್ತೈತ್ರಿ,' ಅಂದಳು,
'ಚಳಿಗೆ ಮಾತ್ರ ಮೂರ್ಛೆ.'

ಬೆಚ್ಚಗಾದರೆ ಏಳುತ್ತದೆ.
ಅರ್ಧ ರೋಗ ಅಲ್ಲೇ ತಿಳಿಯಿತು ನನಗೆ.

ಮಂಡಿಪೇಟೆಯ ಮಹಡಿ. ಕೆಳಗೆ ಒಣಮೆಣಸಿನಕಾಯಿ ಅಂಗಡಿ,
ಮೂವತ್ತು ವರ್ಷದಿಂದ ನನ್ನ ಬೆಸುಗೆಗೆ
ಸೀನಿನದೇ ತಾಳ.
ತಗಡು ಬಿಚ್ಚಿದೆ: ಜೋಳದ ಹೊಟ್ಟು, ಹಲ್ಲಿಮೊಟ್ಟೆಯ ಚಿಪ್ಪು,
ಅದರಡಿಗೆ ಎರಡು ಸಾವಿರದ ಮೂರರ ಮದರ್‌ಬೋರ್ಡು.
ಪ್ರೊಸೆಸರಿನ ಮಗ್ಗುಲಿಗೆ ಎಂಟು ಕೆಪಾಸಿಟರು,
ಪಂಕ್ತಿಗೆ ಕೂತ ಹಾಗೆ.
ಏಳರ ನೆತ್ತಿ ಉಬ್ಬಿದೆ.
ಇಂಟು ಗೆರೆ ಬಿರಿದು, ಒಂದರ ಮೇಲೆ
ಕಾಫಿಪುಡಿಯಂಥ ಕಂದು ಹಕ್ಕಳೆ.

ಪಾಲಿಟೆಕ್ನಿಕ್ ಮುಗಿಸಿ ಕೆಲಸ ಕಲಿಯಲು ಬರುವ ಸಬೀಹಾ,
ಮಂಡಕ್ಕಿ ಭಟ್ಟಿಯವರ ಹುಡುಗಿ,
ಬಗ್ಗಿ ನೋಡಿ ನಕ್ಕಳು:
'ಸರ್, ನಮ್ಮನೇಲಿ ಹುರಿದಂಗದಾವೆ!'

ಮೂರು ಅಂಗಡಿ ಅಲೆದೆ.
ಫ್ಯಾನಿನದು ಕೊಡಲೇ, ಅಂದ ಒಬ್ಬ.
ನಾಲ್ಕನೇ ದಿನ ಕೊರಿಯರಿನಲ್ಲಿ ಬಂತು ಪೊಟ್ಟಣ,
ನೂರೈದು ಡಿಗ್ರಿ ತಾಳುವಂಥವು.
ಕೇಳಿದ್ದು ಏಳು, ಎಣಿಕೆ ತಪ್ಪಿ ಎಂಟಿದ್ದವು.

ಬೋರ್ಡಿನ ತಾಮ್ರ ಶಾಖವನ್ನೆಲ್ಲ ಕುಡಿದುಬಿಡುತ್ತದೆ,
ಇಪ್ಪತ್ತೈದು ವ್ಯಾಟಿನ ಕಡ್ಡಿಗೆ ಜಗ್ಗುವುದಿಲ್ಲ.
ಅರವತ್ತರದ್ದು ಹಿಡಿದು, ತುಸು ಹೊಸ ಸೀಸ ಉಣಿಸಿ,
ಈ ಕಾಲೊಮ್ಮೆ, ಆ ಕಾಲೊಮ್ಮೆ,
ಹಾಲುಹಲ್ಲು ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿ
ಕಿತ್ತದ್ದು ಒಂದೊಂದೇ.
ರಾಳದ ಹೊಗೆ. ಕೆಳಗಿನಿಂದ ಸೀನು.
'ಬಿಳಿ ಪಟ್ಟಿ ಮೈನಸ್ಸು, ಎರಡು ಸಲ ನೋಡಮ್ಮ,
ಮೇಲೆ ತೊಲೆಯಲ್ಲಿ ಆ ಕುಳಿ ಕಾಣುತ್ತಲ್ಲ,
ತೊಂಬತ್ತೆಂಟರಲ್ಲಿ ನಾನು ಒಮ್ಮೆ ನೋಡಿ ಹಾಕಿದ್ದು.'

ಏಳೂ ಹೊಸವು ನೆಟ್ಟಗೆ ನಿಂತವು.
ಗುಂಡಿ ಒತ್ತಿದೆ.
ಫ್ಯಾನು ಅರೆಸುತ್ತು ತಿರುಗಿ, ಏನೋ ನೆನಪಾದಂತೆ,
ನಿಂತಿತು.

ರ‍್ಯಾಮ್ ಬದಲಿಸಿದೆ. ಬೇರೆ ಎಸ್‌ಎಂಪಿಎಸ್ ಕೊಟ್ಟೆ.
ಬೈದೆ, ಯಾರನ್ನು ಅಂತ ಗೊತ್ತಿಲ್ಲ.
ಸಂಜೆಯಾಯಿತು. ಸಬೀಹಾ ಬುತ್ತಿ ಡಬ್ಬಿ ತೊಳೆದಿಟ್ಟು,
ಹೊರಟವಳು, ಬಾಗಿಲಲ್ಲಿ ನಿಂತಳು:
'ಸರ್, ಭಟ್ಟೀಲಿ ಉಬ್ಬಿದ್ದರಿಂದ ಯಾರಿಗೂ ತೊಂದ್ರೆ ಇಲ್ಲ.
ಮರಳಲ್ಲಿ ಬೆಂದೂ ಉಬ್ಬದೆ
ಜರಡಿ ತಪ್ಪಿಸ್ಕೊಂಡು ಬರೋ ಗಟ್ಟಿ ಕಾಳು ಐತಲ್ಲ,
ಅದೇ ಹಲ್ಲು ಮುರಿಯೋದು.'

ಎಂಟನೆಯದು.
ತಲೆ ಸಪಾಟು, ಮೈ ಥಳಥಳ,
ಮೀಟರು ಕೂಡ ಸರಿ ಎಂದಿತ್ತು.
ಕಿತ್ತೆ. ಬುಡದ ರಬ್ಬರು ಕೊಳೆತು, ಅಡಿಯಲ್ಲಿ ಹಸಿ ಕಲೆ,
ಕೆಟ್ಟ ಮೀನಿನ ನಾತ.
ಮೇಲಕ್ಕೆ ಬಿರಿಯದೆ ಕೆಳಕ್ಕೆ ಸೋರಿತ್ತು,
ಎಷ್ಟು ವರ್ಷದಿಂದಲೋ.
ನಾನು ಮಾತಾಡಲಿಲ್ಲ. ಕಡ್ಡಿಯನ್ನು ಅವಳ ಕೈಗೆ ಕೊಟ್ಟೆ,
ಎಣಿಕೆ ತಪ್ಪಿ ಬಂದ ಎಂಟನೆಯದನ್ನೂ.

ಅವಳು ಎರಡು ಸಲ ನೋಡಿದಳು. ತೊಲೆ ಕಡೆಗೊಮ್ಮೆ.
ಒಂದೇ ಒಂದು ಬೀಪು.
ಪರದೆಯಲ್ಲಿ ಜನವರಿ ಒಂದು, ಎರಡು ಸಾವಿರದ ಮೂರು:
ಬಿಲ್ಲೆ ಬ್ಯಾಟರಿಯೂ ಸತ್ತು ಯಾವ ಕಾಲವಾಗಿತ್ತೋ.
ದಾವಣಗೆರೆಯ ಜೋಳವೆಲ್ಲ ಅಷ್ಟು ದಿನ
ಅದೇ ಹೊಸವರ್ಷದ ದಿನ ತೂಗಿತ್ತು,
ಕೊಟ್ರಮ್ಮ ಚೀಟಿ ಚೀಟಿಗೂ ಪೆನ್ನಿನಲ್ಲಿ ತಿದ್ದಿದ್ದಳು.

ಮಾರನೆಯ ಬೆಳಗು, ಆರೂವರೆ, ಕಟಕಟ ಚಳಿ.
ಒತ್ತಿದ ಕೂಡಲೆ ಎದ್ದಿತು.
ಲಾರಿ ಇನ್ನೂ ಬಂದಿರಲಿಲ್ಲ, ನಮ್ಮನ್ನೇ ಹತ್ತಿಸಿದಳು:
ಸ್ಕೂಟರು, ಇಬ್ಬರು, ಒಂದು ಪೆಟ್ಟಿಗೆ,
ಇನ್ನೂರ ನಲವತ್ತು ಕೆಜಿ.
ಕಂಬಳಿ ಈಗ ಅವಳದೇ ಹೆಗಲ ಮೇಲಿತ್ತು.
ಚೀಟಿ ಹರಿದು, ರೂಢಿಯಿಂದ ಪೆನ್ನು ತೆಗೆದು
ತಾರೀಖಿಗೆ ಗೀಟು ಎಳೆಯಹೋದ ಕೈ
ಅರ್ಧಕ್ಕೇ ನಿಂತಿತು.