ಐದು ನಲವತ್ತು

ಅರಸೀಕೆರೆ ಜಂಕ್ಷನ್ನಿನ ಹೊರಗೆ
ಪುರಿಮೂಟೆಯ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತು
ಹೊಂಬಾಳಮ್ಮನಿಗೆ ಓದಿ ಹೇಳಿದೆ:
ಅಪರಾಧ ಸಂತ್ರಸ್ತರಿಗೆ ದೊರೆತ ನೆರವಿನ
ಗುಣಮಟ್ಟದ ಮೌಲ್ಯಮಾಪನ.
ಇಪ್ಪತ್ತಮೂರು ಪ್ರಶ್ನೆ. ಒಂದೆಂದರೆ ಏನೇನೂ ಇಲ್ಲ,
ಐದೆಂದರೆ ಪೂರ್ತಿ ತೃಪ್ತಿ.
ಫಾರಮ್ಮಿಗೆ ನನಗೆ ಅರವತ್ತು ರೂಪಾಯಿ. ಪೆನ್ನು ನನ್ನದೇ.

ಅವಳು ತಲೆಯ ಸೆರಗು ಸರಿಸಿದಳು.
ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು,
ಹೊಲಿದ ಜಾಗ ಕಡಲೆ ಸಿಪ್ಪೆಯಂತೆ ಮುರುಟಿತ್ತು.
"ಇದನ್ನೂ ಬರಕೊಳ್ತೀಯಾ?"
ಅದು ನಾಲ್ಕನೇ ಪ್ರಶ್ನೆ, ಅಂದೆ. ಗಾಯದ ವಿಧ.

ಆಸ್ಪತ್ರೆ?
"ಹೊಲಿದೋಳು ಚಿಕ್ಕ ಹುಡುಗಿ, ಕೈ ನಡುಗ್ತಿತ್ತು.
ಹೆದರಬ್ಯಾಡ ಮಗ ಅಂತ ನಾನೇ ಅಂದೆ.
ನಾಕು ಹಾಕು. ನಡುಕಕ್ಕೆ ಒಂದು ಮುರಕೊಂಡಿದೀನಿ."
ಠಾಣೆ?
"ವಾಲೆ ಎಷ್ಟು ಗ್ರಾಮು ಅಂತ ಮೂರು ಸಲ ಕೇಳಿದ್ರು.
ಕಿವಿ ಎಷ್ಟು ಗ್ರಾಮು ಅಂತ ಒಂದ್ಸಲಾನೂ ಕೇಳಲಿಲ್ಲ."
ಸಹಾಯವಾಣಿ?
"ಒಂದು ಒತ್ತಿ, ಎರಡು ಒತ್ತಿ ಅಂತು.
ನಂದು ಗುಂಡಿ ಸವೆದ ಫೋನು."
ಪರಿಹಾರ?
"ಹಾಸನದಲ್ಲಿ ಕಾಗದ ಇದೆಯಂತೆ.
ಕಾಗದ ಆರೋಗ್ಯವಾಗಿದೆಯಂತೆ."

ಅಷ್ಟರಲ್ಲಿ ಗಿರಾಕಿ. ಅವಳು ಸೇರಿಗೆ ಪುರಿ ಸುರಿದು
ಬಾಯ ಮೇಲೆ ಗೋಪುರವೆದ್ದಾಗ ಅಂಗೈ ಅಡ್ಡ ಹಿಡಿದು
ಚೀಲಕ್ಕೆ ಬಗ್ಗಿಸಿದಳು.
"ಕೊಳ್ಳೋನು ಕುಲುಕು ಅಂತಾನೆ, ಮಾರೋಳು ಕುಲುಕಲ್ಲ.
ಒಂದೇ ಸೇರು, ಎರಡು ಲೆಕ್ಕ.
ನಿನ್ನ ಅಳತೆ ಯಾರ ಕೈದು?
ಕೊಟ್ಟೋರದಾ, ತಗೊಂಡೋರದಾ?"
ಫಾರಮ್ಮು ತಿರುಗಿಸಿ ನೋಡಿದೆ.
ಹಿಂದೆ ಪ್ರಿಂಟಿಂಗ್ ಪ್ರೆಸ್ಸಿನ ಹೆಸರಷ್ಟೇ ಇತ್ತು.

ಆಮೇಲೆ ತಾನಾಗಿ ಹೇಳಿದಳು:
"ಮೊದಲೆಲ್ಲ ನಾಲ್ಕೂವರೆಗೆ ಮನೆ ಬಿಡ್ತಿದ್ದೆ.
ಅದಾದ ಮೇಲೆ ಒಂದೂವರೆ ತಿಂಗಳು
ಬಿಸಿಲು ಹೊಸಲಿಗೆ ಬರೋ ತನಕ ಚಿಲಕ ತೆಗೀಲಿಲ್ಲ.
ಹೋಮ್ ಗಾರ್ಡ್ ಮುಬೀನಾ, ರಾತ್ರಿ ಪಾಳಿ ಮುಗಿಸಿ
ಕರೀದೆ ಬಂದು ಬಾಗಿಲಲ್ಲಿ ನಿಂತಳು.
ಹನ್ನೊಂದು ದಿನ, ಗೋಡೌನ್ ಗೋಡೆ ದಾಟೋ ತನಕ ಜೊತೆಗೆ ನಡೆದಳು.
ಮಾತಿಲ್ಲ ಕತೆಯಿಲ್ಲ. ಟಾರ್ಚು ಮಾತ್ರ
ಅವಳ ಕಾಲ ಮುಂದಲ್ಲ, ನನ್ನ ಕಾಲ ಮುಂದೆ.
ಹನ್ನೆರಡನೇ ದಿನ ಅವಳನ್ನ ಬೇಲೂರಿಗೆ ಹಾಕಿದ್ರು.
ಅಷ್ಟೊತ್ತಿಗೆ ಏಳು ಗಂಟೆ ಇಳಿದು ಆರಾಗಿತ್ತು.
ಈಗ ಐದು ನಲವತ್ತು.
ನಾಲ್ಕೂವರೆ ಆದ ದಿನ ಬಾ,
ನಿನ್ನ ಐದು ಕೊಡ್ತೀನಿ."

ಕೊನೆಯ ಪ್ರಶ್ನೆ, ಒಟ್ಟಾರೆ. ಚೌಕದೊಳಗೆ ಬರೆದೆ: ೫.೪೦.
ಪಕ್ಕದಲ್ಲಿ ಸಣ್ಣಗೆ, ಬೆಳಗ್ಗೆ.

ಹಾಸನದ ಕಚೇರಿಯಲ್ಲಿ ಟೈಪು ಮಾಡುವ ಲೋಹಿತ
ತಲೆ ಕೆರೆದುಕೊಂಡ:
"ಐದರ ಮೇಲೆ ತಗೊಳ್ಳಲ್ಲ ಸಾರ್ ಇದು."
ಒಂದು ಕೀಲಿ ಒತ್ತಿದ. ಚುಕ್ಕಿಯ ಆಚೆಯದು ಉದುರಿತು.
ಹೊಂಬಾಳಮ್ಮ: ಐದು. ಪೂರ್ತಿ ತೃಪ್ತಿ.
ಜಿಲ್ಲೆಯ ಸರಾಸರಿ ಕೂದಲೆಳೆಯಷ್ಟು ಮೇಲೆದ್ದಿತು.
ಊಟದೊಳಗೆ ಅವನಿಗೆ ಇನ್ನೂ ಎಪ್ಪತ್ತು ಫಾರಮ್ಮಿತ್ತು.
ನಾನು ಬಾಯಿ ಬಿಡಲಿಲ್ಲ,
ಅರವತ್ತು ರೂಪಾಯಿ ಎಣಿಸಿಕೊಂಡೆ.

ಕಾರ್ತಿಕದ ಒಂದು ನಸುಕು, ಹುಬ್ಬಳ್ಳಿ ಗಾಡಿ ತಡವೆಂದು
ಬೀಡಿ ಹಚ್ಚಲು ಗೋಡೌನ್ ಗೋಡೆಯ ಬಳಿ ಬಂದಿದ್ದೆ.
ಆ ಕಡೆಯಿಂದ ಹೆಜ್ಜೆ ಬಂತು, ನಿಂತಿತು.
ಕತ್ತಲಲ್ಲಿ ಅವಳಿಗೆ ಕಂಡದ್ದು
ಗೋಡೆಗೊರಗಿದ ಒಬ್ಬ ಗಂಡಸು.
ಮೂಟೆ ಇಳಿಸಲಿಲ್ಲ ಅವಳು, ತಿರುಗಿ ಓಡಲೂ ಇಲ್ಲ.
ನಾನವ್ವಾ, ಫಾರಮ್ಮಿನವನು, ಎನ್ನಲು ನಾಲಿಗೆ ಏಳಲಿಲ್ಲ.
ಮೊಬೈಲಿನ ದೀಪ ಹಚ್ಚಿ
ಅವಳ ಕಾಲ ಮುಂದಿನ ನೆಲಕ್ಕೆ ಹಿಡಿದೆ.

ಗೋಡೆ ದಾಟಿ, ದೀಪದ ಕಂಬ ದಾಟಿ,
ಆಚೆಯಿಂದ ಕೂಗಿದಳು: "ಎಷ್ಟಾಯ್ತು, ಐದೂ ಕಾಲಾ?"
ಐದು ಹದಿಮೂರು, ಅಂದೆ.