ಸೂಟು

ಮೂರೂವರೆಗೆ ಬೆಲ್ಲು.
ಉಳಿದವರು ಬ್ಯಾಗು ಬೀಸುತ್ತ ಸಂತೆಪೇಟೆ ರಸ್ತೆಗಿಳಿದ ಮೇಲೆ
‘ಕಲಿಕೆಯಲ್ಲಿ ಹಿಂದುಳಿದವರು’ ಎಂದು ಪಟ್ಟಿಯಲ್ಲಿ ಬಂದ ಹದಿನಾಲ್ಕು ಮಂದಿ
ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ,
ದೇವರ ಕೋಣೆಗೆ ಬಂದ ಹಾಗೆ.

ಬೀಗದ ಕೈ ನನ್ನದು. ಪಾಠ ನನ್ನದಲ್ಲ.
ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು ನಾನು.
ಸ್ವಿಚ್ಚು ಹಾಕುವುದು, ಧೂಳು ಒರೆಸುವುದು,
ಹಾಜರಿ ಬರೆಯುವುದು.
ಅಷ್ಟಕ್ಕೆ ಗೌರವಧನ, ಅದೂ ಬಂದಾಗ.

ಏಳು ಕಂಪ್ಯೂಟರು. ಇಬ್ಬರಿಗೊಂದು ಹೆಡ್‌ಫೋನು.
ಒಂದು ಬಟ್ಟಲು ಹೊನ್ನೇಶನ ಕಿವಿಗೆ, ಇನ್ನೊಂದು ನಾಜಿಮಾಳ ಕಿವಿಗೆ;
ಕಾದು ಸುಸ್ತಾದ ಟಗರುಗಳ ಹಾಗೆ
ತಲೆಗೆ ತಲೆ ಅಂಟಿಸಿ ಕೂತಿರುತ್ತಾರೆ.
ಒಳಗೊಬ್ಬ ಹೆಂಗಸಿನ ದನಿ. ಆಕೆಗೆ ಕೆಮ್ಮಿಲ್ಲ, ಸಿಡುಕಿಲ್ಲ,
ಹಿಡಿಯಬೇಕಾದ ಐದರ ಬಸ್ಸಿಲ್ಲ:
“ಉತ್ತರ ತಪ್ಪಾಗಿದೆ. ಮತ್ತೊಮ್ಮೆ ಪ್ರಯತ್ನಿಸಿ.”

ಪ್ರಯತ್ನಿಸಿ!
ಹೊನ್ನೇಶನಿಗೆ ಇದುವರೆಗೆ ಯಾರೂ ಬಹುವಚನ ಹಚ್ಚಿರಲಿಲ್ಲ.
ಲೇ, ಲೋ, ಬಾರ್ಲಾ, ಹೋಗ್ಲಾ ಅಷ್ಟೇ.
ಮೊದಲ ದಿನ ತಿರುಗಿ ನೋಡಿದ,
ಬೆನ್ನ ಹಿಂದೆ ಯಾರೋ ದೊಡ್ಡವರು ಬಂದು ನಿಂತಿರಬೇಕೆಂದು.

ಈಗ ಅದು ಅಂಗಳಕ್ಕೂ ಇಳಿದಿದೆ.
ಕಬಡ್ಡಿಯಲ್ಲಿ ಔಟಾದವನಿಗೆ, ಮತ್ತೊಮ್ಮೆ ಪ್ರಯತ್ನಿಸಿ.
ಬಿಸಿಯೂಟದ ಸಾಲಿಗೆ ಎರಡನೇ ಸಲ ತಟ್ಟೆ ಹಿಡಿದವನಿಗೂ.

ತರಗತಿಯಲ್ಲಿ ಬಾಯಿಬಿಡದ ನಾಜಿಮಾ
ಭಾಗಾಕಾರದ ಒಂದೇ ಲೆಕ್ಕವನ್ನು ಹದಿನೇಳು ಸಲ ತಪ್ಪಿದಳು.
ನಾನು ಎಣಿಸಿದ್ದೆ.
ಯಾರೂ ನಗಲಿಲ್ಲ. ಹದಿನೆಂಟನೆಯದು ಸರಿ ಬಂದಾಗ
ಪರದೆಯ ತುಂಬ ಬಲೂನು ಹಾರಿದವು,
ಅವಳು ಒಂದನ್ನು ಬೆರಳಿನಿಂದ ಮುಟ್ಟಿದಳು.
ಅಂಥ ತಾಳ್ಮೆ ನನಗೆ ಕಲಿಸಿದವರಿಗಿದ್ದಿದ್ದರೆ
ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳೇಕೆ.

ಭಾದ್ರಪದದ ಸೋನೆ. ಮಾರ್ಕೆಟ್ಟಿಗೆ ಆಲೂಗಡ್ಡೆ ಬೀಳುವ ಕಾಲ.
ಪರದೆಯಲ್ಲಿ ಇಸ್ತ್ರಿ ಮಾಡಿದ ಪಂಚೆಯ ಒಬ್ಬ ರೈತ:
‘ಒಂದು ಮೂಟೆಯಲ್ಲಿ ಐವತ್ತು ಕೆ.ಜಿ. ಆಲೂಗಡ್ಡೆ.
ನಾಲ್ಕು ಮೂಟೆಗೆ ಎಷ್ಟು?’
ಹೊನ್ನೇಶ ಒತ್ತಿದ: ಒಂದು, ಒಂಬತ್ತು, ಎರಡು.
ಕೆಂಪು ಗೀಟು. ಪ್ರಯತ್ನಿಸಿ.
ಒಂದು, ಒಂಬತ್ತು, ಎರಡು.
ಮೂರನೆಯ ಸಲಕ್ಕೆ ಯಂತ್ರ ಅವನನ್ನು
ಆರನೇ ಕ್ಲಾಸಿನಿಂದ ಎರಡನೇ ಕ್ಲಾಸಿಗೆ ಇಳಿಸಿತು,
ಬಾತುಕೋಳಿ ಎಣಿಸುವ ಪಾಠಕ್ಕೆ.

ಏನೋ ಇದು, ಅಂದೆ.
ಅವನಿಗೆ ನನ್ನ ಮೇಲೇ ಆಶ್ಚರ್ಯ:
“ಮೂಟೆಗೆ ಎರಡು ಕೆ.ಜಿ. ಸೂಟು ಮುರೀಬ್ಯಾಡ್ವಾ ಮಿಸ್?
ಮಣ್ಣು ಅಂತ, ಕೊಳ್ತಿರೋದು ಅಂತ ಹಿಡ್ಕತಾರೆ.
ನಮ್ಮವ್ವ ಅಲ್ಲೇ ಗಡ್ಡೆ ಆಯೋದು.
ನೂರಾ ತೊಂಬತ್ತೆರಡಕ್ಕೇ ದುಡ್ಡು.”

ದುದ್ದದಿಂದ ಗಡ್ಡೆ ತರುತ್ತಿದ್ದ ನಮ್ಮಪ್ಪನ ಚೀಟಿಯಲ್ಲಿ
ಸೂಟಿಗೆಂದೇ ಒಂದು ಕಾಲಮ್ಮಿತ್ತು.
ನನ್ನ ಗಣಿತದ ಪುಸ್ತಕದಲ್ಲಿ ಇರಲಿಲ್ಲ.
ಇದನ್ನು ಯಂತ್ರಕ್ಕೆ ಹೇಳೋಣವೆಂದು ಹುಡುಕಿದೆ:
ಹಿಂದೆ, ಮುಂದೆ, ಸಹಾಯ. ಮೂರೇ ಗುಂಡಿ.
ಸಹಾಯ ಒತ್ತಿದೆ.
ಇನ್ನಷ್ಟು ಬಾತುಕೋಳಿ ಬಂದವು.

ಅಷ್ಟರಲ್ಲಿ ಕರೆಂಟು ಹೋಯಿತು.
ಯುಪಿಎಸ್ಸು ಕೋಳಿಮರಿಯ ಹಾಗೆ ಕೀಚಿಟ್ಟು ಸುಮ್ಮನಾಯಿತು.
ಕತ್ತಲಲ್ಲಿ ಆ ಎರಡು ತಲೆ ಮಾತ್ರ ಬಿಟ್ಟುಕೊಳ್ಳಲಿಲ್ಲ.
ನಾಜಿಮಾಳ ದನಿ:
“ಎಲ್ಲಾ ಮೂಟೇಲೂ ಎರಡೆರಡು ಕೆ.ಜಿ. ಮಣ್ಣೇ ಇರುತ್ತಾ?”
“ಇಲ್ಲ. ಒಂದೊಂದ್ರಲ್ಲಿ ಹಿಡಿಯಷ್ಟೂ ಇರಲ್ಲ.”
“ಹಂಗಾದ್ರೆ ಆ ಎಂಟು ಕೆ.ಜಿ. ಯಾರ ಮನೇಗೆ ಹೋಯ್ತು?”

ದೀಪ ಬಂತು. ಯಂತ್ರ ಮೊದಲಿಂದ ನಮಸ್ಕಾರ ಹೇಳಿತು.
ಹೊನ್ನೇಶ ಅದರ ಖುಷಿಗೆ ಇನ್ನೂರು ಎಂದು ಒತ್ತಿ
ಬಲೂನು ಹಾರಿಸಿ, ಹೆಡ್‌ಫೋನು ತೆಗೆದಿಟ್ಟ.
“ಏಳಿ,” ಎಂದ ನಾಜಿಮಾಳಿಗೆ, “ಹೋಗೋಣ.”

ಬೀಗ ಹಾಕುತ್ತ ನೋಡಿದೆ.
ಒಂದೇ ಗೋಣಿಕೊಪ್ಪೆಯ ಅಡಿಯಲ್ಲಿ ಇಬ್ಬರೂ,
ಮನೆಯ ದಾರಿ ಬಿಟ್ಟು
ಮಾರ್ಕೆಟ್ಟಿನ ಕಡೆಗೆ.