ಒಂದು ನಿಮಿಷದ ಅರ್ಜಿ

ಸಾಹೇಬರ ಪ್ರವಾಸ ಪಟ್ಟಿ ಟೈಪು ಮಾಡುವವನು ನಾನು.
ಹದಿನೇಳು ವರ್ಷದಿಂದ. ಅವರು ಸೋತ ಐದು ವರ್ಷವೂ ಸೇರಿ;
ಆಗ ಪಟ್ಟಿಯಲ್ಲಿ ತಿಥಿಗಳೇ ಹೆಚ್ಚಿದ್ದವು.

ಬೆಳಿಗ್ಗೆ ಏಳಕ್ಕೆ ಮಂಡ್ಯದ ಮನೆಯ ಜಗಲಿ, ಸಾರ್ವಜನಿಕರ ಭೇಟಿ.
ಒಂಬತ್ತಕ್ಕೆ ಬಸ್ ತಂಗುದಾಣದ ಉದ್ಘಾಟನೆ.
ಬಸ್ಸು ಇನ್ನೂ ಇಲ್ಲ, ಅದು ಬೇರೆ ಇಲಾಖೆ.
ಹನ್ನೆರಡೂವರೆಗೆ ಮದ್ದೂರಲ್ಲಿ ಬೀಗರೂಟ
ಎರಡಕ್ಕೆ ಮಳವಳ್ಳಿಯಲ್ಲಿ ಬೀಗರೂಟ.
ಒಂದು ಕಡೆ ಉಂಡು ಇನ್ನೊಂದು ಕಡೆ ಬರೀ ಕೈ ತೊಳೆದರೆ
ಇನ್ನೂರು ವೋಟು ನಮ್ಮಿಂದ ಕೈ ತೊಳೆದುಕೊಳ್ಳುತ್ತದೆ.
ಆಮೇಲೆ ಸಾವಿನ ಮನೆ. ಅದಕ್ಕೆ ನಾನು ಹೊತ್ತು ಬರೆಯುವುದಿಲ್ಲ.
ಅಲ್ಲಿ ಮಾತ್ರ ಅವರು ಭಾಷಣ ಮರೆತು ಚಾಪೆಯ ಮೇಲೆ ಕೂತು
ಸತ್ತವನ ಎತ್ತುಗಳ ಹೆಸರು ಕೇಳುತ್ತಾರೆ.

ನಿಂಗಾಜಮ್ಮ ಬಂದದ್ದು ಒಂದು ಸೋಮವಾರದ ಜಗಲಿಗೆ,
ಕುಕ್ಕೆಯಲ್ಲಿ ಕವಳಿಗೆ ಕಟ್ಟಿದ ವೀಳ್ಯದೆಲೆ, ಮೇಲೊಂದು ಒದ್ದೆ ಗೋಣಿ.
"ಬೆಳಗಿನ್ ರೈಲು ನಮ್ಮೂರ್ ಮುಂದ್ಲೇ ಓಯ್ತದೆ ಸ್ವಾಮಿ,
ಕೈ ಚಾಚುದ್ರೆ ಮುಟ್ಬೋದು. ನಿಲ್ಲಕಿಲ್ಲ.
ಎಲೆ ಒತ್ಕಂಡು ಆಚೆ ಟೇಸನ್ಗೆ ನಡ್ದು
ಮೈಸೂರ್ ಮಾರ್ಕೆಟ್ಟು ಸೇರೋ ಒತ್ಗೆ ಬಿಸ್ಲು ಎಲೆ ತಿಂದಿರ್ತದೆ.
ಒಂದ್ ನಿಮ್ಸ ನಿಲ್ಸಿ, ಸಾಕು. ಜಲ್ದಿ ಅತ್ಕತೀನಿ."

ಬೋರಲಿಂಗೇಗೌಡರು ನಕ್ಕರು. ಜಗಲಿಯೆಲ್ಲ ನಕ್ಕಿತು.
ಅವಳು ನಗದೆ ನಿಂತಿದ್ದು ಕಂಡು
"ಬರ್ಕಳಯ್ಯ" ಅಂದರು ನನಗೆ.
ತಗ್ಗಿನಕೊಪ್ಪಲು. ಒಂದು ನಿಮಿಷ.

ದೆಹಲಿಯಲ್ಲಿ ಸಾಹೇಬರು ಒಂದು ಅಳತೆ ಸಣ್ಣಗಾಗುತ್ತಾರೆ.
ಊರಲ್ಲಿ ಮೈಕಿಲ್ಲದೆ ನಾಲೆಯಾಚೆಗೂ ಮುಟ್ಟುವ ದನಿ
ಅಲ್ಲಿನ ಜಮಖಾನೆಯಲ್ಲಿ ಇಂಗಿಹೋಗುತ್ತದೆ.
ಮಗಳು ಹೆಣೆದ ಸ್ವೆಟರು, ಮೇಲೆ ಕೋಟು,
ಮಂತ್ರಿಗಳ ಕೋಣೆಯಾಚೆ ಒಂದೂಕಾಲು ಗಂಟೆ
ಬಿಸ್ಕತ್ತಿನ ತಟ್ಟೆ ಮುಟ್ಟದೆ.
ಬಂದ ಉತ್ತರ: ಪರಿಶೀಲಿಸಲಾಗುವುದು.
ದಿನಕ್ಕೆ ನಲವತ್ತು ಸಲ ನಾನೇ ಅದನ್ನು ಟೈಪು ಮಾಡುತ್ತೇನೆ,
ಅದರ ತೂಕ ನನಗೆ ಗೊತ್ತು.

ಶೂನ್ಯವೇಳೆಗೆ ಹೆಸರು ಕೊಟ್ಟೆವು. ನಾಲ್ಕು ಸಲ ಚೀಟಿ ಏಳಲಿಲ್ಲ,
ಐದನೆಯ ಸಲ ಎದ್ದಿತು.
ಕನ್ನಡದಲ್ಲೇ ಮಾತಾಡುವುದೆಂದು ಮೊದಲೇ ಬರೆದುಕೊಟ್ಟು
ರಾತ್ರಿ ನನ್ನ ಗಡಿಯಾರ ಮಂಚದ ಮೇಲಿಟ್ಟು ಓದಿದರು,
ಎರಡು ನಿಮಿಷ ಹತ್ತು ಸೆಕೆಂಡು.
'ಈ ಮಹತ್ವದ' ತೆಗೆದೆವು, 'ತಮ್ಮ ಮೂಲಕ' ತೆಗೆದೆವು,
'ಒತ್ತಾಯಿಸುತ್ತೇನೆ' ಹೊಡೆದು 'ಕೇಳುತ್ತೇನೆ' ಎಂದೆವು.
ಎಲೆ ಉಳಿಯಿತು. ಬಿಸಿಲು ಉಳಿಯಿತು.

ಅವರು ಎದ್ದಾಗ ಅರ್ಧ ಸದನ ಬೇರೆ ಯಾವುದಕ್ಕೋ ಕಿರುಚುತ್ತಿತ್ತು.
ಊರ ಹೆಸರು ಕೇಳಿಸಿತು, ಅಷ್ಟು ಖಂಡಿತ.
ಆಮೇಲೆ ಗಂಟೆ. ಮೈಕಿನ ದೀಪ ಆರಿತು.
ಆರಿದ ಮೇಲೂ ಅವರ ತುಟಿ ಆಡುತ್ತಿತ್ತು,
ಒಂದು ಬೆರಳೆತ್ತಿ, ಒಂದು ನಿಮಿಷ, ಒಂದೇ ನಿಮಿಷ,
ಸಭಾಧ್ಯಕ್ಷರಿಗೆ ಹೇಳಿದ್ದೋ ರೈಲಿಗೋ
ಮೇಲೆ ಗ್ಯಾಲರಿಯಲ್ಲಿ ನನಗೆ ತಿಳಿಯಲಿಲ್ಲ.

ಅಚ್ಚಾಗಿ ಬಂದ ಕಡತದಲ್ಲಿ ಊರು 'ತಾಗಿನ ಕಪಾಲ' ಆಗಿತ್ತು.
ಪೆನ್ಸಿಲ್ಲಿನಲ್ಲಿ ತಿದ್ದಿದೆ. ಯಾರು ನೋಡುತ್ತಾರೆ.

ಮತ್ತೆ ಸೋಮವಾರ, ಜಗಲಿ, ಅದೇ ಗೋಣಿ.
ರೈಲಿನ ಮಾತೇ ಎತ್ತಲಿಲ್ಲ ಅವಳು.
"ನಮ್ಮೂರ್ ಎಸ್ರ ಅಲ್ಲಿ ಯೋಳುದ್ರಂತೆ, ದಿಟವಾ?"
ದಿಟ ಅಂದೆ.
"ಎಂಗ್ ಯೋಳುದ್ರು?"
ಹೇಳಿ ತೋರಿಸಿದೆ. ನಾಲಿಗೆ ಯಾಕೋ ತಡವರಿಸಿತು.
"ಇನ್ನೊಂದ್ ಸಲ."
ಹೇಳಿದೆ.
ಒಂದು ಕವಳಿಗೆ ಎಲೆ ನನ್ನ ಫೈಲಿನ ಮೇಲಿಟ್ಟು ಹೋದಳು,
ಫೈಲಿಗೆ ಇನ್ನೂ ಒದ್ದೆಯ ಕಲೆ ಇದೆ.

ಸಂಜೆ ಮಂಗಳವಾರದ ಪಟ್ಟಿ ಟೈಪು ಮಾಡುವಾಗ
ಎಲ್ಲಕ್ಕಿಂತ ಮೇಲೆ ಯಾರನ್ನೂ ಕೇಳದೆ ಒಂದು ಸಾಲು ಸೇರಿಸಿದೆ:
ಬೆಳಿಗ್ಗೆ 5.50, ತಗ್ಗಿನಕೊಪ್ಪಲು, ಒಂದು ನಿಮಿಷ.
ಸಾಹೇಬರು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿ
ಸಹಿ ಹಾಕಿದರು.
ಡ್ರೈವರ್ ಜವರ ಮಾತ್ರ ತಲೆ ಕೆರೆದುಕೊಂಡ:
"ಅಷ್ಟೊತ್ಗೆ ಅಲ್ಲೇನ್ ಸಾ ಕಾರ್ಯಕ್ರಮ?"